ಐದೂವರೆ ಗಂಟೆಯ ತಪ್ಪು

ನನ್ನ ನಾದಿನಿಯ ಮಗಳು ಈಚೆಗೆ ಐರೋಲಿಯ ಒಂದು ಕಂಪನಿಯಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದಳು. ನಾನು ಕನ್ನಡದಲ್ಲಿ ಮಾತಾಡಿಸಿದರೆ ಮರಾಠಿಯಲ್ಲಿ ಉತ್ತರ ಕೊಡುವ ಹುಡುಗಿ. “ಮಾಮಿ, ನೀವೂ ಇದೇ ಕೆಲಸ ಮಾಡಿ ರಿಟೈರ್ ಆದವರಲ್ಲವಾ, ದಿನವಿಡೀ ಏನು ಮಾಡುತ್ತಿದ್ದಿರಿ?” ಎಂದು ಕೇಳಿದಳು. ಅಂಕಿ ಓದುತ್ತಿದ್ದೆ ಎಂದೆ. ಅವಳು ನಕ್ಕಳು. ಆಗ ಹೇಳಲಾಗದೆ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ. ಅವಳಿಗಲ್ಲದಿದ್ದರೂ ಅವಳಂತೆ ಹೊಸದಾಗಿ ಈ ಕೆಲಸಕ್ಕೆ ಬರುವ ಯಾರಿಗಾದರೂ ಆದೀತು.

ಸರ್ವರ್ ಎಂಬ ಯಂತ್ರ ತಾನು ಮಾಡಿದ್ದನ್ನೆಲ್ಲ ಬರೆದಿಡುತ್ತದೆ. ಯಾರು ಒಳಗೆ ಬಂದರು, ಏನು ತಿದ್ದಿದರು, ಯಾವಾಗ ಹೋದರು, ಎಲ್ಲವೂ ಸಾಲು ಸಾಲಾಗಿ ಲಾಗ್ ಎಂಬ ಕಡತಕ್ಕೆ ಬೀಳುತ್ತದೆ. ಆದರೆ ಎಷ್ಟೋ ಲಾಗುಗಳಲ್ಲಿ ಸಮಯವನ್ನು ನಮ್ಮ ಹಾಗೆ ಬರೆಯುವುದಿಲ್ಲ. ನಾವು ಮಂಗಳವಾರ ಮಧ್ಯಾಹ್ನ ಎನ್ನುತ್ತೇವೆ. ಅದು ಸಾವಿರದೊಂಬೈನೂರ ಎಪ್ಪತ್ತರ ಜನವರಿ ಒಂದರಿಂದ ಈ ಕ್ಷಣದವರೆಗೆ ಎಷ್ಟು ಸೆಕೆಂಡು ಕಳೆಯಿತೋ ಆ ಲೆಕ್ಕವನ್ನು ಹತ್ತಂಕಿಯ ಒಂದು ಸಂಖ್ಯೆಯಾಗಿ ಬರೆಯುತ್ತದೆ. ಅದನ್ನು ಮನುಷ್ಯರು ಓದುವ ಹಾಗೆ ತಿರುಗಿಸಿ ಕೊಡುವುದು ನಮ್ಮ ಕೆಲಸದ ಬಹಳ ಚಿಕ್ಕ ಭಾಗ. ಆ ಚಿಕ್ಕ ಭಾಗದಲ್ಲೇ ಒಬ್ಬಳು ಹುಡುಗಿಯ ಬದುಕು ಮುರಿಯುವುದರಲ್ಲಿತ್ತು.

ನಾನು ಡೊಂಬಿವಲಿಯಿಂದ ಮಹಾಪೆಗೆ ಹೋಗಿ ಬರುತ್ತಿದ್ದವಳು. ಡೇಟಾ ಎಂಟ್ರಿಯಲ್ಲಿ ಶುರು ಮಾಡಿ, ಲಿನಕ್ಸ್ ಕಲಿತು, ನಡುವಯಸ್ಸಿನಲ್ಲಿ ಅಲ್ಲಿನ ಒಂದು ಆಫೀಸಿಗೆ ಸೇರಿದೆ. ಬೇರೆ ಬೇರೆ ಸಂಸ್ಥೆಗಳ ಸರ್ವರುಗಳನ್ನು ನಾವು ನೋಡಿಕೊಳ್ಳುತ್ತಿದ್ದೆವು. ಮೇಲಧಿಕಾರಿ ರಾವ್ ಸಾಹೇಬರು, ಉಡುಪಿ ಕಡೆಯವರು. ಹೊರಗಿನವರ ಜೊತೆ ಇಂಗ್ಲಿಷು, ನನ್ನ ಜೊತೆ ಕನ್ನಡ, ಬೈಯುವಾಗ ಮಾತ್ರ ತುಳು.

ಸೇರಿದ ಹೊಸತರಲ್ಲಿ ವಾಶಿ ಮಾರ್ಕೆಟಿನ ಒಬ್ಬ ವ್ಯಾಪಾರಿಯ ಆಫೀಸಿನಿಂದ ಒಂದು ಕೆಲಸ ಬಂತು. ಅವರ ಇಂಟರ್ನೆಟ್ಟಿನ ಲಾಗ್ ಕಡತದಲ್ಲಿ ಎಲ್ಲ ಸಾಲೂ ಆ ಹತ್ತಂಕಿಯಿಂದಲೇ ಶುರು. ನಾನು ಕ್ಯಾಲ್ಕುಲೇಟರ್ ಹಿಡಿದು ಒಂದೊಂದಾಗಿ ಭಾಗಿಸುತ್ತ ಕೂತಿದ್ದೆ. ರಾವ್ ಸಾಹೇಬರು ಹಿಂದಿನಿಂದ ಬಂದು ನಿಂತರು.

“ಎಂಥ ಮಾಡ್ತಿದ್ದೀರಿ ಶಾರದಾ?”

“ಟೈಮ್ ತೆಗೀತಿದ್ದೇನೆ ಸರ್.”

“ಈ ಲೆಕ್ಕದಲ್ಲಿ ನೀವು ರಿಟೈರ್ ಆಗುವಾಗ ಅದು ಮುಗಿಯಬಹುದು. ಸರೀರಿ ಆಚೆ.”

ಒಂದು ಸಂಖ್ಯೆ ಆದರೆ date ಎಂದು ಬರೆದು, -d ಹಾಕಿ, @ ಚಿಹ್ನೆಗೆ ಅಂಟಿಸಿ ಆ ಸಂಖ್ಯೆ ಕೊಟ್ಟರೆ ಸಾಕು, ತಾರೀಕು ಗಂಟೆ ಬರುತ್ತದೆ ಎಂದು ತೋರಿಸಿದರು. ಇಡೀ ಕಡತಕ್ಕಾದರೆ ಪರ್ಲ್ ಭಾಷೆಯ ಒಂದು ಸಾಲು. ಒತ್ತಿದ ಕೂಡಲೇ ಪರದೆಯ ಅಂಕಿಗಳೆಲ್ಲ ವಾರ, ತಿಂಗಳು, ಗಂಟೆಗಳಾಗಿ ಬದಲಾದವು. ಸಂಜೆ ರೈಲಿನಲ್ಲಿ ಅದನ್ನೇ ನೆನೆಯುತ್ತ ಬಂದೆ.

ಒಬ್ಬ ಸಹೋದ್ಯೋಗಿ ಮೊದಲು ಎಲ್ಲವನ್ನೂ ತಾರೀಕು ಮಾಡಿಕೊಂಡು ಆಮೇಲೆ ಕ್ರಮವಾಗಿ ಜೋಡಿಸಲು ಹೋದ. ಯಂತ್ರ ಅಕ್ಷರಕ್ರಮದಲ್ಲಿ ಜೋಡಿಸಿತು. ಇಂಗ್ಲಿಷಿನ ಏಪ್ರಿಲ್ ಜನವರಿಗಿಂತ ಮುಂದೆ ಬಂತು, ಶುಕ್ರವಾರ ಸೋಮವಾರಕ್ಕಿಂತ ಮುಂದೆ ಬಂತು. ಗ್ರಾಹಕರು ಅದನ್ನು ನೋಡಿ ಕಂಗಾಲಾಗಿ ಫೋನ್ ಮಾಡಿದರು. ಅಂಕಿಯಾಗಿದ್ದಾಗಲೇ ಜೋಡಿಸಬೇಕು, ಕೊನೆಗೆ ತಿರುಗಿಸಬೇಕು ಎಂದು ರಾವ್ ಸಾಹೇಬರು ಅವನಿಗೆ ತುಳುವಿನಲ್ಲಿ ತಿಳಿಸಿದರು. ಅವನು ಸಾತಾರಾದವನು. ಆದರೂ ಅರ್ಥವಾಯಿತು.

ಇನ್ನು ಕಲ್ಯಾಣದ ಆಸ್ಪತ್ರೆಯ ವಿಷಯ.

ಅದು ಖಾಸಗಿ ಆಸ್ಪತ್ರೆ, ಹೆಸರು ಬೇಡ. ಅದರ ಲ್ಯಾಬಿನ ಕಂಪ್ಯೂಟರ್ ವ್ಯವಸ್ಥೆ ಒಂದು ಲಿನಕ್ಸ್ ಸರ್ವರಿನ ಮೇಲೆ ನಡೆಯುತ್ತಿತ್ತು. ಅದನ್ನು ಕೂರಿಸಲು ಹೋದಾಗ ನನಗೆ ರಂಜನಾಳ ಪರಿಚಯವಾಯಿತು. ಟಿಟ್ವಾಳಾದಿಂದ ಬರುತ್ತಿದ್ದ ಲ್ಯಾಬ್ ಟೆಕ್ನಿಷಿಯನ್, ಇಪ್ಪತ್ತೈದರ ಆಸುಪಾಸು. ಹೊಸ ಪರದೆಗೆ ಉಳಿದವರು ಗೊಣಗುತ್ತಿದ್ದಾಗ ಇವಳು ಪಕ್ಕದಲ್ಲಿ ನಿಂತು ಪ್ರಶ್ನೆ ಕೇಳುತ್ತಿದ್ದಳು. ಅಲ್ಲಿನ ಹಿರಿಯ ಟೆಕ್ನಿಷಿಯನ್ ಮ್ಹಾತ್ರೆ ಎಂಬವರು. ಸೌಮ್ಯ ಮನುಷ್ಯ. ನಾನು ಹೋದಾಗಲೆಲ್ಲ ಚಹಾ ತರಿಸುತ್ತಿದ್ದರು.

ಒಂದು ದಿನ ಆ ಆಸ್ಪತ್ರೆಯಿಂದ ರಾವ್ ಸಾಹೇಬರಿಗೆ ಪತ್ರ ಬಂತು. ಬಾಣಂತಿಯೊಬ್ಬಳಿಗೆ ಬೇರೆ ಗುಂಪಿನ ರಕ್ತ ಏರಿಸಿಬಿಟ್ಟಿದ್ದರು. ನರ್ಸ್ ಬೇಗ ಗಮನಿಸಿ ನಿಲ್ಲಿಸಿದ್ದರಿಂದ ಜೀವ ಉಳಿಯಿತು, ಆದರೆ ಅವಳು ಐಸಿಯುವಿನಲ್ಲಿದ್ದಳು. ಕಂಪ್ಯೂಟರಿನಲ್ಲಿ ಮೊದಲು ಸರಿಯಾಗಿ ದಾಖಲಾಗಿದ್ದ ರಕ್ತದ ಗುಂಪನ್ನು ಯಾರೋ ಆಮೇಲೆ ತಿದ್ದಿದ್ದರು. ತಿದ್ದಿದ ಸಾಲು ರಂಜನಾಳ ಲಾಗಿನ್ನಿನಲ್ಲಿತ್ತು. ಆ ಸಾಲಿನ ಸಮಯ ಎಷ್ಟೆಂದು ಕಂಪನಿ ಬರೆದು ಕೊಡಬೇಕು ಎಂದು ಕೇಳಿದ್ದರು. ಲೆಟರ್‌ಹೆಡ್ಡಿನಲ್ಲಿ ಹೋಗಬೇಕಾದ ವಿಷಯವಾದ್ದರಿಂದ ರಾವ್ ಸಾಹೇಬರು ತಾವೇ ಆ ಸಂಖ್ಯೆಯನ್ನು ತಿರುಗಿಸಿ, ಬೆಳಗ್ಗೆ ಎಂಟೂ ನಲವತ್ತೊಂದು ಎಂದು ಸಹಿ ಮಾಡಿ ಕಳಿಸಿದರು. ರಂಜನಾಳ ಪಾಳಿ ಬೆಳಗ್ಗೆ ಏಳರಿಂದ ಮಧ್ಯಾಹ್ನ ಎರಡರವರೆಗೆ. ಅಲ್ಲಿಗೆ ಎಲ್ಲರಿಗೂ ವಿಷಯ ಮುಗಿದ ಹಾಗಾಯಿತು.

ವಾರದ ಬಳಿಕ ಬೆಳಗ್ಗೆ ಹನ್ನೊಂದರ ಸುಮಾರಿಗೆ ರಂಜನಾ ಫೋನ್ ಮಾಡಿದಳು. ಮರಾಠಿಯಲ್ಲಿ, ಉಸಿರು ಕಟ್ಟಿದ ದನಿಯಲ್ಲಿ.

“ಮ್ಯಾಡಮ್, ಇವತ್ತು ಮೂರು ಗಂಟೆಗೆ ಕಮಿಟಿ ಕೂರುತ್ತದೆ. ಅದು ಮುಗಿದ ಮೇಲೆ ಪೊಲೀಸರಿಗೆ ಕಂಪ್ಲೇಂಟ್ ಕೊಡುತ್ತಾರಂತೆ. ಆ ಹೊತ್ತಿನಲ್ಲಿ ನಾನು ವಾರ್ಡಿನಲ್ಲಿ ರಕ್ತ ತೆಗೆಯುತ್ತಿದ್ದೆ. ಕಂಪ್ಯೂಟರ್ ಹತ್ತಿರವೇ ಇರಲಿಲ್ಲ. ಎಷ್ಟು ಹೇಳಿದರೂ, ಮಷಿನ್ ಸುಳ್ಳು ಹೇಳುತ್ತದಾ ಅಂತ ಕೇಳುತ್ತಾರೆ.”

“ನೋಡುತ್ತೇನೆ,” ಎಂದೆ. ನಿಜ ಹೇಳಬೇಕೆಂದರೆ ಅವಳನ್ನು ಸಮಾಧಾನ ಮಾಡಲು ಹೇಳಿದ ಮಾತು ಅದು. ಫೋನ್ ಇಟ್ಟ ಮೇಲೂ ಆ ದನಿ ಕಿವಿಯಲ್ಲಿತ್ತು. ಆಸ್ಪತ್ರೆಯ ಲಾಗ್ ಕಡತದ ಪ್ರತಿ ನಮ್ಮಲ್ಲಿತ್ತು. ತೆರೆದೆ. ರಾವ್ ಸಾಹೇಬರು ತಿರುಗಿಸಿದ್ದು ಕೇಳಿದ ಒಂದೇ ಸಾಲನ್ನು. ನಾನು ಆ ರೋಗಿಯ ಎಲ್ಲ ಸಾಲುಗಳನ್ನೂ ತಿರುಗಿಸಿದೆ.

ಮೊದಲ ಸಾಲು, ಅಂದರೆ ರಂಜನಾ ಸರಿಯಾದ ಗುಂಪನ್ನು ಬರೆದದ್ದು, ನಸುಕಿನ ಎರಡೂ ಇಪ್ಪತ್ತು ಎಂದು ಬಂತು. ಆ ಹೊತ್ತಿಗೆ ಅವಳು ಟಿಟ್ವಾಳಾದ ಮನೆಯಲ್ಲಿ ಮಲಗಿರಬೇಕು. ಟಿಟ್ವಾಳಾದಿಂದ ಮೊದಲ ಲೋಕಲ್ಲೂ ಹೊರಟಿರುವುದಿಲ್ಲ. ಮತ್ತೆ ತಿರುಗಿಸಿದೆ, ಅದೇ ಬಂತು. ಆಗ ಸಾಲಿನ ಕೊನೆ ನೋಡಿದೆ. ಗಂಟೆಯ ಪಕ್ಕದಲ್ಲಿ ಮೂರು ಅಕ್ಷರ: UTC. ನಮ್ಮ ಆಫೀಸಿನ ಸರ್ವರು ಹೊರದೇಶದ ಗ್ರಾಹಕರಿಗಾಗಿ ಗ್ರೀನಿಚ್ ಗಂಟೆಗೆ ಹೊಂದಿಸಿದ್ದು. ಭಾರತದ ಗಂಟೆ ಅದಕ್ಕಿಂತ ಐದೂವರೆ ತಾಸು ಮುಂದೆ. ಸಂಖ್ಯೆ ಸರಿ, ಆಜ್ಞೆ ಸರಿ, ಹೇಳಿದ ಊರು ಮಾತ್ರ ಬೇರೆ. ಪತ್ರಕ್ಕೆ ನಕಲು ಮಾಡುವಾಗ ರಾವ್ ಸಾಹೇಬರು ಆ ಮೂರು ಅಕ್ಷರ ಅನಗತ್ಯವೆಂದು ಕತ್ತರಿಸಿದ್ದರು.

ಗುಂಪನ್ನು ತಿದ್ದಿದ್ದು ಬೆಳಗ್ಗೆ ಎಂಟೂ ನಲವತ್ತೊಂದಕ್ಕಲ್ಲ. ಮಧ್ಯಾಹ್ನ ಎರಡೂ ಹನ್ನೊಂದಕ್ಕೆ. ರಂಜನಾಳ ಪಾಳಿ ಮುಗಿದ ಮೇಲೆ.

ಕಾಗದ ಹಿಡಿದು ರಾವ್ ಸಾಹೇಬರ ಕೋಣೆಗೆ ಹೋದೆ. ಎರಡು ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ. ಅವರು ಓದಿದರು. ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡು ಓದಿದರು. ಮುಖದ ಬಣ್ಣ ಇಳಿದದ್ದು ನನಗೆ ಕಂಡಿತು.

“ಕಮಿಟಿ ಎಷ್ಟು ಹೊತ್ತಿಗೆ?”

“ಮೂರಕ್ಕೆ ಸರ್. ಆಮೇಲೆ ಪೊಲೀಸ್.”

ಆಸ್ಪತ್ರೆಗೆ ಫೋನ್ ಮಾಡಿದರು. ಸುಪರಿಂಟೆಂಡೆಂಟ್ ಸಾಹೇಬರು ರೌಂಡಿನಲ್ಲಿದ್ದಾರೆ, ಫ್ಯಾಕ್ಸ್ ಕಳಿಸಿ ಎಂದರು ಆಚೆಯವರು. ಅಷ್ಟರಲ್ಲಿ ನಮ್ಮ ಮಾಲೀಕರಿಗೂ ತಿಳಿಸಬೇಕೆಂದು ಅವರಿಗೆ ಫೋನ್ ಹಚ್ಚಿದರು. ನಾನು ಬಾಗಿಲ ಬಳಿ ನಿಂತಿದ್ದೆ. ಮಾಲೀಕರ ಮಾತು ನನಗೆ ಕೇಳಿಸುತ್ತಿರಲಿಲ್ಲ, ಆದರೆ ಉದ್ದವಿತ್ತು. ರಾವ್ ಸಾಹೇಬರು ಬರೀ ಹ್ಞೂಂಗುಟ್ಟುತ್ತಿದ್ದರು. ಕೊನೆಗೆ, “ನಾಳೆ ವಕೀಲರನ್ನು ಕೇಳುವ ಹೊತ್ತಿಗೆ ಆ ಹುಡುಗಿ ಪೊಲೀಸ್ ಠಾಣೆಯಲ್ಲಿರುತ್ತಾಳೆ ಸರ್. ಸಹಿ ನನ್ನದು. ನಾನು ಹೋಗುತ್ತೇನೆ,” ಎಂದು ಇಟ್ಟುಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, “ನೀವೂ ಬನ್ನಿ. ಫ್ಯಾಕ್ಸ್ ಕಳಿಸಿದರೆ ಮೇಜಿನ ಮೇಲೆ ಬಿದ್ದಿರ್ತದೆ. ಅಲ್ಲೇ ಅವರ ಮಷಿನಿನಲ್ಲೇ ತೋರಿಸುವಾ,” ಎಂದರು.

ಆಫೀಸಿನ ಜೀಪು ಶಿಳಫಾಟಾ ದಾಟುವಾಗಲೇ ನಿಂತು ನಿಂತು ಸಾಗಿತು. ಕಾಟಾಯಿ ನಾಕಾದ ಹತ್ತಿರ ಕಂಟೇನರ್ ಲಾರಿಯೊಂದು ಅಡ್ಡವಾಗಿತ್ತು. ಮುಂದೆ ನೋಡಿದರೆ ಕಣ್ಣಿಗೆ ಕಾಣುವಷ್ಟೂ ಲಾರಿಗಳು. ರಾವ್ ಸಾಹೇಬರು ಬೆವರುತ್ತಿದ್ದರು. ಗಡಿಯಾರ ನೋಡುವುದನ್ನೂ ಬಿಟ್ಟಿದ್ದರು.

“ಸರ್, ಇಲ್ಲಿ ಇಳಿದು ಮಾನಪಾಡಾ ರೋಡಿನಲ್ಲಿ ರಿಕ್ಷಾ ಹಿಡಿದರೆ ಡೊಂಬಿವಲಿ ಸ್ಟೇಷನ್. ಅಲ್ಲಿಂದ ಟ್ರೇನ್,” ಎಂದೆ. ಅದು ನನ್ನೂರು.

ಲಾರಿಗಳ ನಡುವೆ ನುಸುಳಿ ನಡೆದೆವು. ಸಕ್ಕರೆ ಕಾಯಿಲೆಯ ಮನುಷ್ಯ, ಮಧ್ಯಾಹ್ನ ಊಟವನ್ನೂ ಮಾಡಿರಲಿಲ್ಲ. ರಿಕ್ಷಾದಲ್ಲಿ ನನ್ನ ಚೀಲದಲ್ಲಿದ್ದ ಬಿಸ್ಕೆಟ್ ಕೊಟ್ಟೆ. ಒಂದನ್ನು ಕೈಯಲ್ಲೇ ಹಿಡಿದುಕೊಂಡಿದ್ದರು, ತಿನ್ನಲಿಲ್ಲ. “ಇಪ್ಪತ್ತು ವರ್ಷ ಆಯ್ತು ನನಗೆ ಈ ಕೆಲಸದಲ್ಲಿ,” ಎಂದರು ಒಮ್ಮೆ. ಸ್ಟೇಷನ್ನಿನಲ್ಲಿ ನಾನು ಲೇಡೀಸ್ ಡಬ್ಬಿಗೆ, ಅವರು ಪಕ್ಕದ ಡಬ್ಬಿಗೆ ಹತ್ತಿದೆವು. ಕಲ್ಯಾಣ ಬರುವವರೆಗೆ ಅವರು ಕುಸಿದು ಬಿದ್ದಾರೇನೋ ಎಂಬ ಹೆದರಿಕೆಯೇ ನನಗೆ ದೊಡ್ಡದಾಗಿತ್ತು.

ನಾವು ಮುಟ್ಟುವಾಗ ಕಮಿಟಿ ಶುರುವಾಗಿ ಅರ್ಧ ಗಂಟೆ ಕಳೆದಿತ್ತು. ಉದ್ದ ಮೇಜಿನ ಸುತ್ತ ಆರೇಳು ಜನ. ನಡುವೆ ಅಧ್ಯಕ್ಷೆ, ಒಬ್ಬ ಹಿರಿಯ ವೈದ್ಯೆ. ಎಲ್ಲರೂ ಅಲ್ಲಿಯ ರೂಢಿಯಂತೆ ಗೌರವದಿಂದ ಡಾಕ್ಟರ್ ಬಾಯಿ ಎನ್ನುತ್ತಿದ್ದರು. ವಾರ್ಡಿನ ಸಿಸ್ಟರ್ ಒಂದು ಕಡೆ, ಮ್ಹಾತ್ರೆ ಇನ್ನೊಂದು ಕಡೆ. ತುದಿಯ ಕುರ್ಚಿಯಲ್ಲಿ ರಂಜನಾ, ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿಕೊಂಡು. ನಮ್ಮನ್ನು ಕಂಡರೂ ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ. ಇನ್ನಷ್ಟು ಸಾಕ್ಷಿ ತಂದಿದ್ದಾರೆ ಎಂದುಕೊಂಡಿರಬೇಕು.

ರಾವ್ ಸಾಹೇಬರು ಕುಳಿತುಕೊಳ್ಳಲಿಲ್ಲ. “ನಾನು ಕೊಟ್ಟ ಪತ್ರ ತಪ್ಪು,” ಎಂದರು ನಿಂತೇ. “ಅದರಲ್ಲಿರುವುದು ಗ್ರೀನಿಚ್ ಗಂಟೆ. ನಮ್ಮ ಗಂಟೆಯಲ್ಲಿ ಅದು ಮಧ್ಯಾಹ್ನ ಎರಡೂ ಹನ್ನೊಂದು. ತಪ್ಪು ಯಂತ್ರದ್ದಲ್ಲ, ನನ್ನದು.”

ನಾನು ಮೂಲೆಯ ಕಂಪ್ಯೂಟರಿನಿಂದ ಅವರದೇ ಸರ್ವರಿಗೆ ಹೋಗಿ ಅದೇ ಸಂಖ್ಯೆಯನ್ನು ಕೊಟ್ಟೆ. ಎರಡೂ ಹನ್ನೊಂದು ಎಂದು ಬಂತು.

ಡಾಕ್ಟರ್ ಬಾಯಿ ಎದ್ದು ಬಂದು ಪರದೆ ನೋಡಿದರು. “ಹೋದ ವಾರ ಎಂಟೂ ನಲವತ್ತೊಂದು ಅಂದಿರಿ, ನಾನು ನಂಬಿದೆ. ಇವತ್ತು ಎರಡೂ ಹನ್ನೊಂದು ಅಂತೀರಿ. ಈ ಸರ್ವರಿನ ಗಡಿಯಾರವೇ ಆ ದಿನ ಸರಿಯಿತ್ತು ಅಂತ ಹೇಗೆ ನಂಬಲಿ? ಒಬ್ಬಳನ್ನು ಬಿಡಿಸಿದರೆ ಇನ್ನೊಬ್ಬರ ಮೇಲೆ ಬೀಳುತ್ತದೆ.”

ಸರಿಯಾದ ಪ್ರಶ್ನೆ. ಗಡಿಯಾರ ಇವತ್ತು ಸರಿಯಿದೆ ಎನ್ನಬಹುದು, ಆ ದಿನದ್ದನ್ನು ಹೇಗೆ ಹೇಳುವುದು? ನಾನು ಆ ದಿನದ ಎಲ್ಲ ಸಾಲುಗಳನ್ನೂ ತಿರುಗಿಸಿ ಕೆಳಗೆ ಕೆಳಗೆ ಓದತೊಡಗಿದೆ. ಯಂತ್ರದ ಹೊರಗೂ ಜನರಿಗೆ ನೆನಪಿರುವಂಥ ಒಂದು ಸಂಗತಿ ಬೇಕಿತ್ತು. ಬೆನ್ನ ಹಿಂದೆ ಕುರ್ಚಿ ಸರಿದ ಸದ್ದು, ಕೆಮ್ಮು. “ಎಷ್ಟು ಹೊತ್ತು ಇದು?” ಎಂದು ಒಬ್ಬರು ಅಂದರು. ಎರಡು ಬಾರಿ ಸಾಲು ತಪ್ಪಿದೆ.

ತಿದ್ದಿದ ಸಾಲಿನಿಂದ ಸ್ವಲ್ಪ ಕೆಳಗೆ ಒಂದು ಸಾಲು ಸಿಕ್ಕಿತು. ಕರೆಂಟ್ ಹೋಯಿತು, ಯುಪಿಎಸ್ ಬ್ಯಾಟರಿಗೆ ಬಂತು ಎಂದು ಆ ವ್ಯವಸ್ಥೆಯೇ ಬರೆದುಕೊಂಡದ್ದು. ಸಮಯ ಎರಡೂಕಾಲು.

“ಆ ದಿನ ಕರೆಂಟ್ ಯಾವಾಗ ಹೋಯಿತು, ಯಾರಿಗಾದರೂ ನೆನಪಿದೆಯಾ?” ಎಂದು ತಿರುಗಿ ಕೇಳಿದೆ. “ಬೆಳಗ್ಗೆ ಎಂಟೂಮುಕ್ಕಾಲಿಗೆ ಹೋಗಿತ್ತಾ?”

ಆಗಿನ ಕಲ್ಯಾಣದಲ್ಲಿ ಲೋಡ್‌ಶೆಡ್ಡಿಂಗ್ ಎಂದರೆ ಮನೆಯವರ ಹುಟ್ಟಿದ ದಿನಕ್ಕಿಂತ ಚೆನ್ನಾಗಿ ನೆನಪಿರುತ್ತಿತ್ತು. “ಬೆಳಗ್ಗೆ ಎಲ್ಲಿ?” ಎಂದರು ವಾರ್ಡಿನ ಸಿಸ್ಟರ್. “ಆ ವಾರ ನಮ್ಮ ಕಡೆ ಎರಡೂಕಾಲಿಗೆ ಹೋಗುತ್ತಿತ್ತು. ಆ ದಿನ ಜನರೇಟರ್ ತಡವಾಗಿ ಎದ್ದಿತು. ನಾನು ಆ ಬಾಣಂತಿಗೆ ಪೇಪರಿನಿಂದ ಗಾಳಿ ಹಾಕುತ್ತಿದ್ದೆ.”

ಡಾಕ್ಟರ್ ಬಾಯಿ ನಿಧಾನವಾಗಿ ತಮ್ಮ ಜಾಗಕ್ಕೆ ಹೋಗಿ ಕೂತರು. ಗಡಿಯಾರದ ಪ್ರಶ್ನೆ ಮತ್ತೆ ಎತ್ತಲಿಲ್ಲ. “ರಂಜನಾ ಎರಡು ಗಂಟೆಗೆ ಹೋದದ್ದು ಗೇಟಿನಲ್ಲಿ ದಾಖಲಾಗಿದೆ. ಆಮೇಲೆ ಲ್ಯಾಬಿನಲ್ಲಿ ಯಾರಿದ್ದರು?” ಎಂದರು.

ಎಲ್ಲರಿಗೂ ಗೊತ್ತಿತ್ತು. ಆದರೂ ಯಾರೂ ಆ ಕಡೆ ನೋಡಲಿಲ್ಲ.

“ನಾನಿದ್ದೆ,” ಎಂದರು ಮ್ಹಾತ್ರೆ. ಬಹಳ ಮೆಲ್ಲಗೆ ಮಾತಾಡಿದರು. ಆ ದಿನ ಒಂದೇ ಹೆಸರಿನ ಇಬ್ಬರು ರೋಗಿಗಳಿದ್ದರು. ಒಬ್ಬಳ ರಿಪೋರ್ಟನ್ನು ತುಂಬಲು ಕೂತಾಗ ರಂಜನಾಳ ಲಾಗಿನ್ ತೆರೆದೇ ಇತ್ತು. ಮತ್ತೆ ಹೊಸದಾಗಿ ಒಳಗೆ ಹೋಗಲು ಹೊತ್ತು ಹಿಡಿಯುತ್ತದೆ, ಕರೆಂಟ್ ಬೇರೆ ಹೋಗುವ ಸಮಯ. ಅದರಲ್ಲೇ ತುಂಬಿದರು. “ಬೇರೆಯವಳ ಹೆಸರಿಗೆ ತುಂಬಿದೆನೋ ಏನೋ ಎಂದು ಆಮೇಲೆ ಮನಸ್ಸಿಗೆ ಬಂದಿತ್ತು. ನಿದ್ದೆ ಬರಲಿಲ್ಲ. ಅಷ್ಟರಲ್ಲಿ ಆ ಪತ್ರ ಬಂತು. ಬೆಳಗ್ಗೆ ಎಂಟೂ ನಲವತ್ತೊಂದು ಎಂದಿತ್ತು. ಹಾಗಾದರೆ ನಾನಲ್ಲ ಎಂದುಕೊಂಡೆ. ಕಂಪನಿಯವರೇ ಬರೆದುಕೊಟ್ಟ ಮೇಲೆ ನಾನಲ್ಲ ಎಂದು ನಂಬಿದೆ.”

ಆ ಮಾತು ರಾವ್ ಸಾಹೇಬರಿಗೆ ಹೇಗೆ ತಾಕಿತೆಂದು ಪಕ್ಕದಲ್ಲಿದ್ದ ನಾನು ನೋಡಿದೆ. ಅವರು ಕುರ್ಚಿಯ ಬೆನ್ನನ್ನು ಹಿಡಿದುಕೊಂಡರು. ರಂಜನಾ ಅಳಲಿಲ್ಲ. ಮ್ಹಾತ್ರೆಯನ್ನೇ ನೋಡುತ್ತಿದ್ದಳು. ಮೂರು ವರ್ಷ ಅವರ ಪಕ್ಕದ ಮೇಜಿನಲ್ಲಿ ಕೆಲಸ ಕಲಿತವಳು. “ಕಾಕಾ, ಒಂದು ಸಲ ಬಾಯಿಬಿಟ್ಟು ಹೇಳಬಹುದಿತ್ತು, ನನಗೂ ಸಂಶಯ ಇದೆ ಅಂತ,” ಎಂದಳು.

ಪೊಲೀಸರಿಗೆ ಹೋಗಬೇಕಿದ್ದ ದೂರನ್ನು ಡಾಕ್ಟರ್ ಬಾಯಿ ಅಲ್ಲೇ ತಡೆದರು. ಮ್ಹಾತ್ರೆಯನ್ನು ಲ್ಯಾಬಿನಿಂದ ತೆಗೆದು ರೆಕಾರ್ಡ್ ರೂಮಿಗೆ ಹಾಕಿದರು. ಲಾಗಿನ್ ತೆರೆದಿಟ್ಟು ಹೋದದ್ದಕ್ಕೆ ರಂಜನಾಳಿಗೂ ಒಂದು ತಾಕೀತು ಬಂತು. ಬಾಣಂತಿ ಮಗುವಿನ ಜೊತೆ ಮನೆಗೆ ಹೋದಳು. ಅದಿಲ್ಲದಿದ್ದರೆ ಈ ಯಾವುದನ್ನೂ ನಾನು ಬರೆಯಲು ಕೂರುತ್ತಿರಲಿಲ್ಲ.

ಹೊರಗೆ ಕಾರಿಡಾರಿನಲ್ಲಿ ರಾವ್ ಸಾಹೇಬರು ರಂಜನಾಳ ಮುಂದೆ ನಿಂತು ಮರಾಠಿಯಲ್ಲಿ ಕ್ಷಮೆ ಕೇಳಿದರು. ಅವಳು ತಲೆಯಾಡಿಸಿದಳು. ಪರವಾಗಿಲ್ಲ ಎಂದು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಮರುದಿನದಿಂದ ನಮ್ಮ ಆಫೀಸಿನಲ್ಲಿ ಕೆಲವು ಪದ್ಧತಿಗಳು ಬದಲಾದವು. ಹೊರಗೆ ಹೋಗುವ ಯಾವ ಕಾಗದದಲ್ಲೂ ಗಂಟೆಯ ಪಕ್ಕ ಅದು ಎಲ್ಲಿಯ ಗಂಟೆ ಎಂದು ಬರೆಯಬೇಕು. ಮೂಲ ಸಂಖ್ಯೆಯನ್ನೂ ಪಕ್ಕದಲ್ಲೇ ಇಡಬೇಕು. ಒಂದು ಸಾಲನ್ನು ಕೇಳಿದರೂ ಹಿಂದೆ ಮುಂದೆ ಓದಿಯೇ ಉತ್ತರಿಸಬೇಕು. ಎಲ್ಲ ಸರ್ವರುಗಳ ಗಡಿಯಾರವೂ ತಾನಾಗಿ ಹೊಂದಿಕೊಳ್ಳುವ ವ್ಯವಸ್ಥೆ ಮಾಡಿದೆವು. ರಾವ್ ಸಾಹೇಬರು ಆಮೇಲೆ ಬೈಯುವುದು ಕಡಿಮೆಯಾಯಿತು. ನನಗೆ ಆ ಬದಲಾವಣೆ ಹಿಡಿಸಲಿಲ್ಲ.

ಮುಂದಿನ ವರ್ಷಗಳಲ್ಲಿ ಯಂತ್ರಗಳೇ ಸಮಯವನ್ನು ತಾರೀಕಾಗಿ ತೋರಿಸತೊಡಗಿದವು. ಆಗಲೂ ಹುಷಾರಾಗಿರಬೇಕು. ಲಿನಕ್ಸಿನ ಒಳಗಿನ ಸಂದೇಶಗಳನ್ನು ತೋರಿಸುವ dmesg ಎಂಬುದಕ್ಕೆ -T ಸೇರಿಸಿದರೆ ಚಂದದ ತಾರೀಕು ಬರುತ್ತದೆ. ಆದರೆ ಅದು ಯಂತ್ರ ಶುರುವಾದಂದಿನಿಂದ ಎಣಿಸಿ ಹೇಳುವ ಅಂದಾಜು. ನಡುವೆ ಯಂತ್ರ ನಿದ್ದೆಗೆ ಹೋಗಿ ಎದ್ದಿದ್ದರೆ ಲೆಕ್ಕ ತಪ್ಪುತ್ತದೆ. ಓದಲು ಸುಲಭವಾದ ಮಾತ್ರಕ್ಕೆ ನಿಜವೆಂದು ತಿಳಿಯಬೇಡಿ.

ರಂಜನಾ ಆ ಆಸ್ಪತ್ರೆಯಲ್ಲಿ ಇನ್ನೂ ಸ್ವಲ್ಪ ಕಾಲ ಇದ್ದು, ಆಮೇಲೆ ಠಾಣೆ ಎಂಬ ಊರಿನ ಒಂದು ಲ್ಯಾಬಿಗೆ ಹೋದಳು. ನನ್ನ ನಿವೃತ್ತಿಯ ಹೊತ್ತಿಗೆ ಒಮ್ಮೆ ಠಾಣೆ ರೈಲು ಸ್ಟೇಷನ್ನಿನ ಸೇತುವೆಯ ಮೇಲೆ ಸಿಕ್ಕಳು. ಮಗನನ್ನು ಶಾಲೆಯಿಂದ ಕರೆತರಲು ಹೊರಟಿದ್ದಳು. ಜನಸಂದಣಿಯಿಂದ ಬದಿಗೆ ಸರಿದು ನಿಂತು ಮಾತಾಡಿದೆವು. ಮ್ಹಾತ್ರೆಯ ಬೀಳ್ಕೊಡುಗೆಗೆ ಹೋಗಿದ್ದಳಂತೆ. ಕೊನೆಯ ಸಾಲಿನಲ್ಲಿ ಕೂತಿದ್ದು, ಕೊಟ್ಟ ಪೇಢೆಯನ್ನು ತಿನ್ನದೆ ಪಕ್ಕದವರಿಗೆ ಕೊಟ್ಟು ಬಂದಳಂತೆ.

ಬಹಳ ದಿನದಿಂದ ನನ್ನಲ್ಲಿದ್ದ ಪ್ರಶ್ನೆಯೊಂದನ್ನು ಕೇಳಿದೆ. “ಆ ದಿನ ನನಗೇ ಯಾಕೆ ಫೋನ್ ಮಾಡಿದೆ? ನಾನು ಕಂಡುಹಿಡಿಯುತ್ತೇನೆ ಅಂತ ಅನ್ನಿಸಿತ್ತಾ?”

“ಇಲ್ಲ ಮ್ಯಾಡಮ್,” ಎಂದಳು ಅವಳು, ಸ್ವಲ್ಪ ಸಂಕೋಚದಿಂದ. “ಮೊದಲು ಆಸ್ಪತ್ರೆಯ ಸುಪರಿಂಟೆಂಡೆಂಟ್ ಸಾಹೇಬರಿಗೆ ಮಾಡಿದೆ. ಆಮೇಲೆ ಗುರುತಿನ ಒಬ್ಬ ಕಾರ್ಪೊರೇಟರಿಗೆ, ಆಮೇಲೆ ನನ್ನ ಮಾಮನಿಗೆ. ಯಾರೂ ಎತ್ತಲಿಲ್ಲ. ಲ್ಯಾಬಿನ ಕಂಪ್ಯೂಟರಿಗೆ ನಿಮ್ಮ ನಂಬರಿನ ಚೀಟಿ ಅಂಟಿಸಿತ್ತು, ಕಂಪ್ಯೂಟರ್ ಕೆಟ್ಟರೆ ಕರೆಯಿರಿ ಅಂತ. ಅದಕ್ಕೆ ಮಾಡಿದೆ. ನೀವು ಎತ್ತಿದಿರಿ.”